ಎಕ್ಕಾ ಜೋಡಿ ಬಂದಾಗಲೂ ಸೋಲುತ್ತಿದ್ದೇನೆ. ಪ್ರತಿ ಕೈಗೂ ಏರಿಸುವವನ ಎದುರು ಹೇಗೆ ಆಡಬೇಕು?

ಬಿಸಿಲೂರ ಹುಡುಗ
ಬಳ್ಳಾರಿ, ಕೌಲ್ ಬಜಾರ್ ಕಡೆಯವನು. ನಾವು ಆರು ಜನ ಪ್ರತಿ ಭಾನುವಾರ ಮಾಳಿಗೆ ಮೇಲೆ ಕೂತು ಪೋಕರ್ ಆಡುತ್ತೇವೆ. ಟೆಕ್ಸಾಸ್ ಹೋಲ್ಡೆಮ್: ಕೈಗೆ ಎರಡು ಎಲೆ, ಮಧ್ಯದಲ್ಲಿ ಎಲ್ಲರಿಗೂ ಸೇರಿ ಐದು. ಸಂಜೆ ಏಳರ ಮುಂಚೆ ಕೂರೋಕೇ ಆಗಲ್ಲ, ನೆಲ ಕಾದ ಹಂಚಿನ ಹಾಗೆ ಇರುತ್ತದೆ. ದುಡ್ಡಿಲ್ಲ. ತಲೆಗೆ 200 ಹುಣಸೆ ಬೀಜ. ಬ್ಲೈಂಡ್ (ಎಲೆ ನೋಡುವ ಮುಂಚೆಯೇ ಇಬ್ಬರು ಹಾಕಬೇಕಾದದ್ದು) 1 ಮತ್ತು 2. ಮೊದಲು ಖಾಲಿಯಾದವನು ಎಲ್ಲರಿಗೂ ಒಗ್ಗರಣೆ-ಮಿರ್ಚಿ ತರಿಸಬೇಕು, ಅಷ್ಟೇ.

ಸಮಸ್ಯೆ ಒಬ್ಬನದು. ಎಲೆ ನೋಡಿದನೋ ಇಲ್ಲವೋ ಗೊತ್ತಾಗಲ್ಲ, ಪ್ರತಿ ಕೈಗೂ 10, 12 ಅಂತ ಏರಿಸುತ್ತಾನೆ. ಫ್ಲಾಪ್ (ಮಧ್ಯದ ಮೊದಲ ಮೂರು ಎಲೆ) ಬಂದರೆ 40. ಆಮೇಲೆ ಎಲ್ಲಾ ಬೀಜ ಮಧ್ಯಕ್ಕೆ ತಳ್ಳುತ್ತಾನೆ. ಎರಡು ತಿಂಗಳಲ್ಲಿ ನನಗೆ ಮೂರು ಸಲ ಎಕ್ಕಾ ಜೋಡಿ ಬಂತು. ಒಂದು ಸಲ ಪೂರ್ತಿ ಖಾಲಿಯಾದೆ. ಇನ್ನೊಂದು ಸಲ ಅವನೂ ನಾನೂ ಇಬ್ಬರೇ, ಫ್ಲಾಪಿನ ಮುಂಚೆಯೇ ಎಲ್ಲಾ ಹಾಕಿದೆವು. ಅವನು ತೋರಿಸಿದ್ದು ರಾಣಿ-ಐದು. ಫ್ಲಾಪಿನಲ್ಲಿ ರಾಣಿ, ಕೊನೆಯ ಎಲೆಯಾದ ರಿವರ್‌ನಲ್ಲಿ ಐದು. ಹೋಯ್ತು. ಮೂರನೇ ಸಲ ಬುದ್ಧಿ ಬಂತು ಅಂತ ನಾನೇ ಮೊದಲು ಏರಿಸಿದೆ. ಎಲ್ಲರೂ, ಆ ಹುಚ್ಚನೂ ಸೇರಿ, ಎಲೆ ಇಟ್ಟುಬಿಟ್ಟರು! ಸಿಕ್ಕಿದ್ದು 3 ಬೀಜ.

ಇಂಥವನ ಎದುರು ಒಳ್ಳೆ ಎಲೆ ಹಿಡಿದು ಏನು ಮಾಡಬೇಕು ಹೇಳಿ.

ಮೂರೆಲೆ ಮಾವ
ಎಕ್ಕಾ ಜೋಡಿ ಬಂದರೆ ಮುಂಚೆಯೇ ಎಲ್ಲಾ ಹಾಕು. ಮುಗೀತು. ಇದಕ್ಕೆ ಇಷ್ಟುದ್ದ ಪುರಾಣವಾ?

ಸಿಂಧನೂರು ಸೋನಾ
ಹಾಕಿದ್ದಾನಲ್ಲ ಮಾವ, ಎರಡನೇ ಸಲ. ಓದಿ ಉತ್ತರ ಕೊಡಿ.

ಕಳಾವರ್ ರಾಣಿ
ಒಂದು ನಿಮಿಷ. ರಾಣಿ-ಐದು ಕೈಯನ್ನು ಬಿಟ್ಟುಬಿಡಿ. ಅದರಲ್ಲಿ ನಿಮ್ಮ ತಪ್ಪು ಏನೂ ಇಲ್ಲ. ಆ ಆಟವನ್ನು ನೂರು ಸಲ ಆಡಿದರೆ ನೀವು 85ಕ್ಕೂ ಜಾಸ್ತಿ ಸಲ ಗೆಲ್ಲುತ್ತೀರಿ. ಅವತ್ತು ಉಳಿದದ್ದರಲ್ಲಿ ಒಂದು ಬಂತು.

ನನಗೆ ಬೇಕಿರುವುದು ಮೊದಲನೇ ಕೈ. ಯಾರು ಎಷ್ಟು ಹಾಕಿದರು, ನಿಮ್ಮ ಹಿಂದೆ (ಅಂದರೆ ನಿಮ್ಮ ನಂತರ ಆಡುವವರು) ಎಷ್ಟು ಜನ ಇದ್ದರು, ಕೊನೆಗೆ ಯಾರು ಏನು ತೋರಿಸಿದರು? ಸಾಲಾಗಿ ಹೇಳಿ. "ಪೂರ್ತಿ ಖಾಲಿಯಾದೆ" ಅಂದರೆ ಏನೂ ಗೊತ್ತಾಗಲ್ಲ.

ಬಿಸಿಲೂರ ಹುಡುಗ
ಸರಿ, ನೆನಪಿದೆ. ಮರೆಯೋಕೆ ಆಗುತ್ತಾ.

ಹುಚ್ಚ ಮೊದಲು ಆಡಬೇಕಿತ್ತು, 12ಕ್ಕೆ ಏರಿಸಿದ. ನಾನು ಅವನ ಪಕ್ಕ. ಇಸ್ಪೀಟ್ ಎಕ್ಕಾ, ಕಳಾವರ್ ಎಕ್ಕಾ. ಆಸೆ ತೋರಿಸಬಾರದು ಅಂತ ಸುಮ್ನೆ 12 ಹಾಕಿದೆ. ಹಿಂದಿನ ಇಬ್ಬರೂ 12 ಹಾಕಿದರು. ಸಣ್ಣ ಬ್ಲೈಂಡ್ ಎದ್ದ, ದೊಡ್ಡ ಬ್ಲೈಂಡ್ ಬಂದ. ಐದು ಜನ, ಮಧ್ಯದಲ್ಲಿ 61.

ಫ್ಲಾಪ್: ಆಟೀನ್ 9, ಆಟೀನ್ 8, ಕಳಾವರ್ 6. ಹುಚ್ಚ 40. ನಾನು 40. ನನ್ನ ಹಿಂದಿನವನೂ 40. ಉಳಿದವರು ಪ್ಯಾಕ್. ಟರ್ನ್ (ನಾಲ್ಕನೇ ಎಲೆ) ಡೈಮನ್ 2. ಹುಚ್ಚ ಉಳಿದ 148 ಪೂರ್ತಿ ತಳ್ಳಿದ. ನಾನೂ ತಳ್ಳಿದೆ, ಹಿಂದಿನವನೂ ತಳ್ಳಿದ. ರಿವರ್ ಕಳಾವರ್ ರಾಣಿ (ನೀವೇ!). ಹುಚ್ಚನ ಹತ್ತಿರ ಆಟೀನ್ ರಾಜ, ಆಟೀನ್ 4. ಹಿಂದಿನವನ ಹತ್ತಿರ ಹತ್ತು-ಏಳು.

ಪ್ಯಾಕ್ ಅಲ್ಲ ಫೋಲ್ಡ್
ಪ್ಯಾಕ್ ಅನ್ನುವುದು ತೀನ್ ಪತ್ತಿಯಲ್ಲಿ. ಪೋಕರ್‌ನಲ್ಲಿ ಫೋಲ್ಡ್.

ಸಿಂಧನೂರು ಸೋನಾ
ಹೆಸರೇ ಹಾಗೆ ಇಟ್ಟುಕೊಂಡು ಕಾಯುತ್ತಾ ಕೂತಿದ್ದೀರಾ?

ಕಳಾವರ್ ರಾಣಿ
ಈಗ ನಾನು ಕೇಳುತ್ತೇನೆ. ಆ ಕೈಯನ್ನು ಗೆದ್ದವರು ಯಾರು?

ಬಿಸಿಲೂರ ಹುಡುಗ
ಹತ್ತು-ಏಳು. ಆರು, ಏಳು, ಎಂಟು, ಒಂಬತ್ತು, ಹತ್ತು. ಫ್ಲಾಪಿನಲ್ಲೇ ಆಗಿತ್ತು.

ಕಳಾವರ್ ರಾಣಿ
ಅಂದರೆ ನಿಮ್ಮ ಹುಚ್ಚ ಸೋತ. ನಿಮ್ಮ ಹಾಗೇ ಅವನೂ ಖಾಲಿಯಾದ. ನೀವು ಎರಡು ತಿಂಗಳಿಂದ ಬೈಯುತ್ತಿರುವುದು ತಪ್ಪು ಮನುಷ್ಯನನ್ನು.

ಹತ್ತು-ಏಳು ಹಿಡಿದವನನ್ನು ಒಳಗೆ ಕರೆದವರು ನೀವು. ಹುಚ್ಚ 12 ಹಾಕಿದಾಗ ನೀವು 40ಕ್ಕೆ ಏರಿಸಿದ್ದರೆ ಹಿಂದಿನ ಮೂವರೂ ಎಲೆ ಇಡುತ್ತಿದ್ದರು. ಹುಚ್ಚ ಹೇಗೂ ಬರುತ್ತಿದ್ದ, ಅವನಿಗೆ ಬಿಡೋಕೆ ಗೊತ್ತಿಲ್ಲ. ನೀವಿಬ್ಬರೇ ಇರುತ್ತಿದ್ದಿರಿ. ಅದೇ ಫ್ಲಾಪು, ಅದೇ ರಿವರ್. ಅವನಿಗೆ ಐದು ಆಟೀನ್ ಕೂಡಲಿಲ್ಲ. ಅವನ 200 ನಿಮ್ಮ ಮುಂದೆ ಇರುತ್ತಿತ್ತು.

ಆನೆಗೊಂದಿ ಬಂಡೆ
ಕುಣಿಯಲಾರದವಳು ನೆಲ ಡೊಂಕು ಅಂದಳಂತೆ 😄

ಲೆಕ್ಕದ ಮೇಷ್ಟ್ರು
ಎಕ್ಕಾ ಜೋಡಿ ನೂರಕ್ಕೆ 85 ಸಲ ಗೆಲ್ಲುತ್ತದೆ ಅನ್ನುವುದನ್ನು ಎಲ್ಲರೂ ಬಾಯಿಪಾಠ ಮಾಡಿದ್ದಾರೆ. ಅದು ಎದುರಿಗೆ ಒಬ್ಬನೇ ಇದ್ದಾಗ, ಅವನ ಎಲೆ ಯಾವುದೂ ಆಗಿರಬಹುದು ಅಂತ ಹಿಡಿದಾಗ. ಎದುರಿಗೆ ಇಬ್ಬರಾದರೆ ಸುಮಾರು 73. ಮೂವರಾದರೆ 64. ನಾಲ್ವರಾದರೆ 56. ಐವರಾದರೆ 49. ಈ ಹುಡುಗನ ಎದುರು ನಾಲ್ವರು ಇದ್ದರು. ಗುಟ್ಟು ಉಳಿಸಿಕೊಳ್ಳೋಕೆ ಹೋಗಿ ಚಿನ್ನದಂಥ ಕೈಯನ್ನು ನಾಣ್ಯ ಚಿಮ್ಮುವ ಆಟಕ್ಕೆ ಇಳಿಸಿದ.

ಇನ್ನೊಂದು. ಎಕ್ಕಾ ಜೋಡಿ 221 ಕೈಗೆ ಒಂದು ಸಲ ಬರುತ್ತದೆ. ಕೈಯಲ್ಲಿ ಕಲಸಿ ಹಂಚುವವರು ಗಂಟೆಗೆ 25 ಕೈ ಆಡಬಹುದು. ಮೂರು ಗಂಟೆ, ಎಂಟು ಭಾನುವಾರ: 600 ಕೈ. ಮೂರು ಸಲ ಬಂದದ್ದು ಸರಿಯಾಗೇ ಇದೆ. ಅದೃಷ್ಟ ಕೆಟ್ಟಿದೆ ಅನ್ನೋಕೆ ಕಾರಣ ಇಲ್ಲ.

ಮೂರೆಲೆ ಮಾವ
ಮೇಷ್ಟ್ರೇ, ಐವರು ಎದುರಿಗಿದ್ದಾಗ 49 ಅಂದರೆ ಕಮ್ಮಿ ಏನಲ್ಲ. ಆರು ಜನರಲ್ಲಿ ಸಮಪಾಲು ಅಂದರೆ 16, 17 ಬರಬೇಕು. ಅದರ ಮೂರು ಪಟ್ಟು ಬರುತ್ತಿದೆಯಲ್ಲ? ಪಾಟ್ (ಮಧ್ಯದ ರಾಶಿ) ಕೂಡ ದೊಡ್ಡದಾಗುತ್ತದೆ.

ಲೆಕ್ಕದ ಮೇಷ್ಟ್ರು
ಒಪ್ಪಿದೆ, ಲೆಕ್ಕ ಸರಿ. ಎಲ್ಲರೂ ಮುಂಚೆಯೇ ಪೂರ್ತಿ ಹಾಕಿ ಕೂತರೆ ನಿಮ್ಮ ಮಾತಿಗೆ ಎದುರಿಲ್ಲ. ಆದರೆ ಇಲ್ಲಿ ಅವರು ಹಾಕಿದ್ದು 12. ಉಳಿದ 188 ಫ್ಲಾಪ್ ನೋಡಿದ ಮೇಲೆ. ಕೂಡಿದವನು ಹಾಕುತ್ತಾನೆ, ಕೂಡದವನು ಎದ್ದು ಹೋಗುತ್ತಾನೆ. ನಿಮ್ಮ ಜೋಡಿ ಮಾತ್ರ ಅಲ್ಲೇ ಕೂತಿರುತ್ತದೆ, ಬೆಳೆಯಲ್ಲ.

ಗಾಂಧಿನಗರ 3ನೇ ಕ್ರಾಸ್
ಬಳ್ಳಾರಿ, ರಾಯಚೂರು ಕಡೆ ಇಂಥ ಆಟಗಾರರು ಯಾಕೆ ಜಾಸ್ತಿ ಅನ್ನುವುದಕ್ಕೆ ನನ್ನ ಹತ್ತಿರ ಒಂದು ಕಾರಣ ಇದೆ. ನಾವೆಲ್ಲ ಇಸ್ಪೀಟ್ ಕಲಿತದ್ದು ಯುಗಾದಿ, ದೀಪಾವಳಿಗೆ. ಕಲಿತದ್ದು ತೀನ್ ಪತ್ತಿ. ಅಲ್ಲಿ ಎಲೆ ನೋಡದೆ ಆಡುವವನಿಗೆ ರಿಯಾಯಿತಿ ಇದೆ. ನೋಡಿದವನು ಅವನ ಎರಡು ಪಟ್ಟು ಹಾಕಬೇಕು. ಅಂದರೆ ಕಣ್ಣು ಮುಚ್ಚಿ ಆಡುವವನಿಗೆ ಆಟವೇ ಅರ್ಧ ಬೆಲೆಗೆ ಸಿಗುತ್ತದೆ. ನಮ್ಮ ದೊಡ್ಡಪ್ಪ ರಾತ್ರಿಯೆಲ್ಲ ಎಲೆ ಮುಟ್ಟದೆ ಬ್ಲೈಂಡ್ ಆಡುತ್ತಿದ್ದರು. ನೋಡಿದವರು ಹೆದರಿ ಪ್ಯಾಕ್ ಆಗುತ್ತಿದ್ದರು. ಅವರು ಗೆಲ್ಲುತ್ತಿದ್ದದ್ದು ಎಲೆಯಿಂದ ಅಲ್ಲ, ನಮ್ಮ ಹೆದರಿಕೆಯಿಂದ.

ಅದೇ ರೂಢಿ ಪೋಕರ್‌ಗೆ ಬಂತು. ಆದರೆ ಇಲ್ಲಿ ಆ ರಿಯಾಯಿತಿ ಇಲ್ಲ! ನೋಡಿದವನಿಗೂ ನೋಡದವನಿಗೂ 12 ಅಂದರೆ 12. ಹಾಗಾಗಿ ನಿಮ್ಮ ಹುಚ್ಚ ಹುಚ್ಚ ಅಲ್ಲ, ತೀನ್ ಪತ್ತಿ ಆಡುತ್ತಿದ್ದಾನೆ. ನೀವು ಹೆದರಿ ಎದ್ದರೆ ಅವನ ಲೆಕ್ಕ ಸರಿ. ಒಳ್ಳೆ ಎಲೆ ಹಿಡಿದು ಕೂತರೆ ನಿಮ್ಮ ಲೆಕ್ಕ ಸರಿ.

ಆನೆಗೊಂದಿ ಬಂಡೆ
ಇದು ನಿಜ. ನಮ್ಮ ಗಂಗಾವತಿ ಕಡೆಯೂ ಹೀಗೇ. ಆದರೆ ಆಟೀನ್ ರಾಜ-ನಾಲ್ಕು ಹಿಡಿದು ಆ ಫ್ಲಾಪಿಗೆ 40 ಹಾಕಿದ್ದು ಹುಚ್ಚಾಟ ಅಲ್ಲ. ಇನ್ನೂ ಒಂಬತ್ತು ಆಟೀನ್ ಬಾಕಿ. ಎರಡು ಎಲೆಯಲ್ಲಿ ಕೂಡುವ ಅವಕಾಶ ನೂರಕ್ಕೆ 35. ಅವನಿಗೆ ಸ್ವಲ್ಪ ಆಟ ಬರುತ್ತದೆ ಅನ್ನಿಸುತ್ತೆ.

ಬಿಸಿಲೂರ ಹುಡುಗ
ಅವನಿಗೆ ಇದನ್ನು ತೋರಿಸಲ್ಲ.

ಮೂರೆಲೆ ಮಾವ
ನನಗೆ ಇನ್ನೂ ಒಪ್ಪಿಗೆ ಇಲ್ಲ. ಎದುರಿಗಿರುವವನೇ ಎಲ್ಲಾ ಬೀಜ ಹಾಕುತ್ತಾನೆ ಅಂದಮೇಲೆ ನಾವು ಯಾಕೆ ಏರಿಸಿ ಗುಟ್ಟು ಬಿಡಬೇಕು? ಬಲೆ ಹಾಕಿ ಕೂರಬೇಕು. ಹಕ್ಕಿ ತಾನೇ ಬರುತ್ತದೆ.

ಕಳಾವರ್ ರಾಣಿ
ಬಲೆ ಸರಿ ಮಾವ, ಆದರೆ ಒಂದು ಹಕ್ಕಿ ಇದ್ದಾಗ. ಐದು ಬಂದರೆ ಬಲೆ ಹರಿಯುತ್ತದೆ.

ನಾನು ಆಡುವ ರೀತಿ ಹೇಳುತ್ತೇನೆ. ಫ್ಲಾಪಿಗೆ ಮುಂಚೆ ಗಲಾಟೆ, ಆಮೇಲೆ ಮೌನ. ಹುಚ್ಚ 12 ಅಂದರೆ ನಾನು 40. ಹಿಂದಿನವರು ಹೋಗುತ್ತಾರೆ. ಅವನು ಬರುತ್ತಾನೆ. ಬ್ಲೈಂಡ್ ಸೇರಿ ಮಧ್ಯದಲ್ಲಿ 83, ಇಬ್ಬರ ಮುಂದೆಯೂ 160. ಇಲ್ಲಿಂದ ನಾನು ಏರಿಸುವುದಿಲ್ಲ. ಅವನು 50 ಅಂದರೆ 50. ಎಲ್ಲಾ ತಳ್ಳಿದರೆ ತಳ್ಳಿದೆ. ನಾನು ಏರಿಸಿದರೆ ಅವನ ಕಸದ ಎಲೆ ಬಿಟ್ಟು ಓಡುವ ಸಾಧ್ಯತೆ ಇದೆ. ಅವನ ಕಸಕ್ಕೇ ಅಲ್ವಾ ನಾನು ಕಾಯುತ್ತಿರುವುದು?

ಹಿಂದೆ ಯಾರೂ ಉಳಿದಿಲ್ಲ, ನಾನು ದೊಡ್ಡ ಬ್ಲೈಂಡ್‌ನಲ್ಲಿ ಇದ್ದೇನೆ, ಅವನೊಬ್ಬನೇ ಎದುರು ಅಂದರೆ ಆಗ ಮಾವನ ಬಲೆ. ಬರೀ ಕಾಲ್ ಮಾಡಿ (ಅವನಷ್ಟೇ ಹಾಕಿ) ಸುಮ್ಮನಿರುತ್ತೇನೆ.

ಅಂಥವನ ಮುಂದೆ ಬ್ಲಫ್ ಮಾತ್ರ ಬೇಡ. ಕಿವುಡನ ಮುಂದೆ ಕಿನ್ನರಿ ಬಾರಿಸಿದ ಹಾಗೆ.

ಮೂರೆಲೆ ಮಾವ
ಹ್ಞೂಂ. ಅಷ್ಟು ಒಪ್ಪುತ್ತೇನೆ.

ಪ್ಯಾಕ್ ಅಲ್ಲ ಫೋಲ್ಡ್
ಟರ್ನ್‌ನಲ್ಲಿ 148 ಬಂದಾಗ ಎಕ್ಕಾ ಜೋಡಿ ಬಿಡಬಹುದಿತ್ತಾ? ನನ್ನ ಪ್ರಕಾರ ಬಿಡಬೇಕಿತ್ತು. ಹುಚ್ಚನ ಕಾರಣಕ್ಕಲ್ಲ. 9-8-6 ಫ್ಲಾಪಿನಲ್ಲಿ ಇಬ್ಬರು 40 ಹಾಕಿದ ಮೇಲೂ ಒಬ್ಬ ಸುಮ್ನೆ ಕೂತವನು ಮೂರನೆಯವನಾಗಿ 40 ಹಾಕಿದ. ಸುದ್ದಿ ಇದ್ದದ್ದು ಅಲ್ಲಿ. ಗದ್ದಲ ಮಾಡುವವನನ್ನೇ ನೋಡುತ್ತಾ ಕೂತರೆ ಮೌನಿ ಕಾಣಿಸಲ್ಲ.

ಆನೆಗೊಂದಿ ಬಂಡೆ
ಹೇಳೋದು ಸುಲಭ. ಹುಣಸೆ ಬೀಜದ ಆಟದಲ್ಲಿ ಎಕ್ಕಾ ಜೋಡಿ ಬಿಟ್ಟವನನ್ನು ನಾನು ಈವರೆಗೆ ನೋಡಿಲ್ಲ. ಮೌನಿಯೂ ಆಟೀನ್ ಕಾಯುತ್ತಿರಬಹುದಿತ್ತು.

ಪ್ಯಾಕ್ ಅಲ್ಲ ಫೋಲ್ಡ್
ಇರಬಹುದಿತ್ತು. ಇರಲಿಲ್ಲ.

ಮಾನ್ವಿ ಕೊನೆ ಭಾಗ
ನಾನೊಂದು ಮಾತು. ಕೂರುವ ಜಾಗ ನೋಡಿಕೊಳ್ಳಿ. ಹುಚ್ಚನ ಎಡಗಡೆ ಕೂರಬೇಕು. ಸರದಿ ಎಡಕ್ಕೆ ತಿರುಗುತ್ತದೆ, ಹಾಗಾಗಿ ಅವನು ಏನು ಮಾಡಿದ ಅಂತ ನೋಡಿಯೇ ನೀವು ಆಡುತ್ತೀರಿ. ಬಲಗಡೆ ಕೂತರೆ ನೀವು 2 ಹಾಕಿ ಕಾಯುತ್ತೀರಿ, ಅವನು 12 ಅಂತಾನೆ, ನಿಮ್ಮ 2 ಹೋಯ್ತು.

ನಮ್ಮ ತುಂಗಭದ್ರಾ ಎಡದಂಡೆ ಕಾಲುವೆಗೆ ಇದು ಪೂರ್ತಿ ಉಲ್ಟಾ. ಅಲ್ಲಿ ಮೇಲಿನವರು ಮೊದಲು ನೀರು ತಿರುಗಿಸಿಕೊಳ್ಳುತ್ತಾರೆ, ಕೊನೆ ಭಾಗದ ನಮಗೆ ಬರುವ ಹೊತ್ತಿಗೆ ಕೆಸರು. ಜೀವನದಲ್ಲಿ ಕೊನೆಗಿದ್ದು ಲಾಭ ಆದದ್ದು ಪೋಕರ್‌ನಲ್ಲಿ ಮಾತ್ರ.

ಸಿಂಧನೂರು ಸೋನಾ
ಕಾಲುವೆ ವಿಷಯ ತೆಗೀಬೇಡಿ, ಇಲ್ಲೇ ಬೆಳಗಾಗುತ್ತೆ. ನಾವು ಮೇಲಿನವರು, ಅಂದರೂ ಎರಡನೇ ಬೆಳೆಗೆ ಪರದಾಡುತ್ತೇವೆ.

ಮಾನ್ವಿ ಕೊನೆ ಭಾಗ
ನಿಮ್ಮ ಭತ್ತಕ್ಕೆ ಹೋದ ನೀರು ಎಷ್ಟು ಅಂತ ಬೇರೆ ಕಡೆ ಮಾತಾಡೋಣ.

ಶಕ್ತಿನಗರ ಹೊಗೆ
ಎಲ್ಲರೂ ತಮಾಷೆಯಾಗಿ ಮಾತಾಡುತ್ತಿದ್ದೀರಿ. ನಮ್ಮ ಮನೆಯಲ್ಲಿ ಇದೇ ಆಟ ಮೊಬೈಲ್‌ನಲ್ಲಿ ಬಂದು ಹಾಳು ಮಾಡಿತು. ಹತ್ತಿರದ ಸಂಬಂಧಿ. ಮೊದಲು 500, ಆಮೇಲೆ 5,000. ಕೊನೆಗೆ ಹೆಂಡತಿಯ ಬಂಗಾರ ಅಡವಿಗೆ ಹೋಯ್ತು. ಅವನೂ ಹೀಗೇ ಹೇಳುತ್ತಿದ್ದ, "ಒಳ್ಳೆ ಎಲೆ ಬಂದಾಗಲೇ ಸೋತೆ" ಅಂತ. ಸೋತ ಕೂಡಲೇ ಎರಡು ಪಟ್ಟು ಹಾಕುತ್ತಿದ್ದ. ಪೋಕರ್ ಕಲಿಸುವ ಮಾತು ಓದಿದರೆ ಹೊಟ್ಟೆ ಉರಿಯುತ್ತದೆ.

ಕಳಾವರ್ ರಾಣಿ
ನಿಮ್ಮ ಮಾತಿಗೆ ನಾನು ಎದುರು ಹೇಳುವುದಿಲ್ಲ. ದುಡ್ಡಿಟ್ಟು ಆನ್‌ಲೈನ್ ಆಡುವುದನ್ನು ಕೇಂದ್ರದ ಕಾಯ್ದೆ ನಿಷೇಧಿಸಿದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸ್ ಮಾಡಿತು, 22ಕ್ಕೆ ರಾಷ್ಟ್ರಪತಿ ಅಂಕಿತ ಬಿತ್ತು. ಪೋಕರ್, ರಮ್ಮಿ ಎಲ್ಲಾ ಅದರೊಳಗೆ. ಕೌಶಲದ ಆಟ ಅನ್ನುವ ನೆಪವೂ ಅಲ್ಲಿ ನಡೆಯಲ್ಲ.

ಗಾಂಧಿನಗರ 3ನೇ ಕ್ರಾಸ್
ಅದಕ್ಕೂ ಮುಂಚೆ ನಮ್ಮ ರಾಜ್ಯವೂ 2021ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ ನಿಷೇಧ ತಂದಿತ್ತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ಭಾಗ ರದ್ದು ಮಾಡಿತು. ಈಗ ಕೇಂದ್ರದ್ದು ಬಂದಿದೆ. ಮಾಳಿಗೆ ಮೇಲಾದರೂ ಅಷ್ಟೇ, ದುಡ್ಡು ಇಟ್ಟರೆ ಮರುದಿನ ಪೇಪರ್‌ನಲ್ಲಿ "ಇಸ್ಪೀಟ್ ಅಡ್ಡೆ ಮೇಲೆ ದಾಳಿ" ಅಂತ ಬರುತ್ತದೆ. ಬೀಜವೇ ಒಳ್ಳೆಯದು.

ಶಕ್ತಿನಗರ ಹೊಗೆ
ಬೀಜ ಆದರೆ ಸರಿ. ಸೋತ ಕೂಡಲೇ ಮುಂದಿನ ಕೈಗೆ ಸಿಟ್ಟಿನಲ್ಲಿ ಹಾಕಬೇಡಿ, ಅಷ್ಟೇ ಹೇಳೋದು. ನಾನು ನೋಡಿದ್ದು ಅದನ್ನೇ.

ಬಿಸಿಲೂರ ಹುಡುಗ
ಅಣ್ಣಾ, ನಿಜ. ರಾಣಿ-ಐದು ಕೈ ಆದಮೇಲೆ ಬೀಜ ಸಾಲ ತಗೊಂಡು ಗುಲಾಮ-ಮೂರು ಹಿಡಿದು 80 ಹಾಕಿದ್ದೆ. ಅದನ್ನು ಮೇಲೆ ಬರೆಯಲಿಲ್ಲ, ನಾಚಿಕೆಯಾಯಿತು.

ಇನ್ನೊಂದು ಪ್ರಶ್ನೆ. ಎಕ್ಕಾ ಸರಿ. ರಾಜ ಜೋಡಿ, ಎಕ್ಕಾ-ರಾಜ ಬಂದರೆ?

ಲೆಕ್ಕದ ಮೇಷ್ಟ್ರು
ರಾಜ ಜೋಡಿ ಒಬ್ಬನ ಎದುರು 82. ಎಲ್ಲರಿಗೂ ಹೆದರಿಕೆ ಫ್ಲಾಪಿನಲ್ಲಿ ಎಕ್ಕಾ ಬಂದರೆ ಅಂತ. ಬರುವ ಅವಕಾಶ ನೂರಕ್ಕೆ 22, 23. ಬಂದರೂ ಪ್ರತಿ ಕೈಗೂ ಏರಿಸುವವನ ಹತ್ತಿರ ಎಕ್ಕಾ ಇರಲೇಬೇಕು ಅಂತಿಲ್ಲ. ಎಲ್ಲಾ ಎಲೆಗೂ ಆಡುವವನ ಹತ್ತಿರ ಜಾಸ್ತಿ ಇರುವುದು ಕಸವೇ. ರಾಣಿ ಜೋಡಿ 80, ಗುಲಾಮ ಜೋಡಿ 77. ಇವನ್ನೂ ಹೆದರದೆ ಹಿಡಿಯಬಹುದು. ಅದೇ ಬಿಗಿಯಾಗಿ ಆಡುವವನು ಏರಿಸಿದರೆ ಗುಲಾಮ ಜೋಡಿಗೆ ನಾನು ಅಷ್ಟು ಬೆಲೆ ಕೊಡಲ್ಲ.

ಎಕ್ಕಾ-ರಾಜ ನೋಡೋಕೆ ಚೆಂದ. ಆದರೆ ಅದು ಇನ್ನೂ ಆಗದ ಕೈ. ಮೂರು ಫ್ಲಾಪಿನಲ್ಲಿ ಎರಡು ಸಲ ಏನೂ ಕೂಡಲ್ಲ. ಒಬ್ಬನ ಎದುರು 65ರಿಂದ 67. ಮುಂಚೆ ಏರಿಸಿ, ಕೂಡದಿದ್ದರೆ ಹಠ ಹಿಡಿಯಬೇಡಿ.

ಮೋತಿ ಸರ್ಕಲ್
ರಾಘವ ಕಲಾಮಂದಿರ ಇರುವ ಊರಿನವರು. ಬಳ್ಳಾರಿ ರಾಘವರು ನಟಿಸಿದ ಊರಲ್ಲಿ ಎಕ್ಕಾ ಹಿಡಿದು ಮುಖದಲ್ಲಿ ಬೇಜಾರು ತೋರಿಸೋಕೆ ಬರಲ್ವಾ?

ಬಿಸಿಲೂರ ಹುಡುಗ
ನನ್ನ ಮುಖ ಕರೆಂಟ್ ಬಂದ ಹಾಗೆ ಆಗುತ್ತಂತೆ.

ಸಿಂಧನೂರು ಸೋನಾ
ಆ ಒಗ್ಗರಣೆ-ಮಿರ್ಚಿ ಎಲ್ಲಿಂದ ತರಿಸ್ತೀರಿ ಅಂತ ಯಾರೂ ಕೇಳಲಿಲ್ಲವಲ್ಲ.

ಮಾನ್ವಿ ಕೊನೆ ಭಾಗ
ಒಗ್ಗರಣೆ ಅಲ್ಲ, ಸೂಸಲ ಅನ್ನಿ.

ಮೋತಿ ಸರ್ಕಲ್
ಗಡಿ ದಾಟಿದರೆ ಉಗ್ಗಾಣಿ. ನೆನೆಸಿದ ಮಂಡಕ್ಕಿಗೆ ಎಷ್ಟು ಹೆಸರು! ಹುರಿಗಡಲೆ ಪುಡಿ ಇಲ್ಲದಿದ್ದರೆ ಮಾತ್ರ ಯಾವ ಹೆಸರೂ ಬೇಡ.

ಸದ್ದಿಲ್ಲದವ
ಮೂರು ದಿನದಿಂದ ಓದುತ್ತಾ ಕೂತಿದ್ದೆ. ಇನ್ನು ತಡೆಯೋಕೆ ಆಗಲ್ಲ.

ಆ ಹತ್ತು-ಏಳು ನಾನೇ.

ರಾಣಿಯವರು ಹೇಳಿದ್ದು ಅಕ್ಷರಕ್ಕಕ್ಷರ ಸರಿ. ನನ್ನ ಸರದಿ ಬಂದಾಗ ಮಧ್ಯದಲ್ಲಿ 27 ಇತ್ತು, ನನಗೆ ಬೇಕಿದ್ದದ್ದು 12. ಹಿಂದಿನವರೂ ಬರುತ್ತಾರೆ ಅಂತ ಗೊತ್ತಿತ್ತು. ಎರಡೂ ಎಲೆ ಒಂದೇ ಜಾತಿ ಅಲ್ಲದಿದ್ದರೂ ನೋಡೋಣ ಅಂತ ಹಾಕಿದೆ. ನೀನು 40 ಅಂದಿದ್ದರೆ ಎಲೆ ಎಸೆದು ಕೆಳಗೆ ಹೋಗಿ ನೀರು ಕುಡಿದು ಬರುತ್ತಿದ್ದೆ. ಫ್ಲಾಪಿನಲ್ಲಿ ನೀನು ನನ್ನ ಕಡೆ ಒಂದು ಸಲವೂ ನೋಡಲಿಲ್ಲ. ಅವನನ್ನೇ ದಿಟ್ಟಿಸುತ್ತಿದ್ದೆ.

ಬಿಸಿಲೂರ ಹುಡುಗ
ನೀನಾ!! ಇಷ್ಟು ದಿನ ನನ್ನ ಜೊತೆ ಕೂತು ಅವನಿಗೇ ಬೈತಿದ್ದೆಯಲ್ಲೋ.

ಆನೆಗೊಂದಿ ಬಂಡೆ
ಮೌನಿ ಸಿಕ್ಕಿದ 😄😄

ಬಿಸಿಲೂರ ಹುಡುಗ
ಭಾನುವಾರದ ವರದಿ. ಹುಚ್ಚನ ಎಡಗಡೆ ಕೂತೆ. (ಅರ್ಧ ಗಂಟೆ ಆದಮೇಲೆ ಅವನು ಫ್ಯಾನ್ ಕಡೆ ಎದ್ದು ಹೋದ, ಅದು ಬೇರೆ.) ಎಕ್ಕಾ ಬರಲಿಲ್ಲ, ರಾಣಿ ಜೋಡಿ ಬಂತು. ಅವನು 12, ನಾನು 40. ಎಲ್ಲರೂ ಹೋದರು, ಅವನು ಬಂದ. ಫ್ಲಾಪ್ ರಾಜ, 7, 3. ಅವನು 50. ಎದೆ ಡವಡವ, ಆದರೂ 50 ಹಾಕಿದೆ. ಟರ್ನ್ 4. ಉಳಿದ 110 ತಳ್ಳಿದ. ಒಂದು ನಿಮಿಷ ಕೂತೆ. ಮೇಷ್ಟ್ರ "ಕಸ" ನೆನಪಾಯಿತು, ಹಾಕಿದೆ. ರಿವರ್ 9. ಅವನು ತೋರಿಸಿದ್ದು ಗುಲಾಮ-ಎಂಟು! ಮಧ್ಯದಲ್ಲಿ 403 ಇತ್ತು, ಎರಡೂ ಕೈಯಲ್ಲಿ ಬಾಚಿಕೊಂಡೆ.

ಮುಂದಿನ ಕೈಯಲ್ಲೇ ಖುಷಿಗೆ 60 ಕಳೆದೆ. ಅದನ್ನೂ ಬರೆದಿದ್ದೇನೆ ನೋಡಿ.

ಒಂದು ಮಾತ್ರ ಇನ್ನೂ ಅರ್ಥ ಆಗಿಲ್ಲ. ಆ ಮೂರನೇ ಎಕ್ಕಾ ಜೋಡಿಗೆ ಹುಚ್ಚ ಸಹ ಯಾಕೆ ಎದ್ದ? ಅವನು ಜನ್ಮದಲ್ಲಿ ಎಲೆ ಇಟ್ಟವನಲ್ಲ.

ಸದ್ದಿಲ್ಲದವ
ಬೈಬೇಡ. ಇಸ್ಪೀಟ್ ಎಕ್ಕಾದ ಬೆನ್ನಿಗೆ ಮಿರ್ಚಿ ಎಣ್ಣೆ ಕಲೆ ಆಗಿದೆ.

ಬಿಸಿಲೂರ ಹುಡುಗ
ಏನು?

ಸದ್ದಿಲ್ಲದವ
ಯುಗಾದಿ ಮರುದಿನದಿಂದ. ನೀನು ಎಲೆಯ ಮುಖ ನೋಡ್ತೀಯ, ನಾವು ಬೆನ್ನು ನೋಡ್ತೇವೆ. ಆ ಕಲೆ ನಿನ್ನ ಕೈಯಲ್ಲಿ, ನೀನು ಏರಿಸಿದೆ, ಮುಖದಲ್ಲಿ ಕರೆಂಟ್ ಬೇರೆ. ಯಾರು ಕೂರ್ತಾರೆ?

ಪ್ಯಾಕ್ ಅಲ್ಲ ಫೋಲ್ಡ್
ಇದು ನಿಯಮ ಪ್ರಕಾರ ಕಟ್ಟು ಬದಲಿಸಬೇಕಾದ ವಿಷಯ.

ಬಿಸಿಲೂರ ಹುಡುಗ
ಹಾಗಾದರೆ ಮೊನ್ನೆಯ ರಾಣಿ ಜೋಡಿ?

ಸದ್ದಿಲ್ಲದವ
ಅದಕ್ಕೆ ಕಲೆ ಇಲ್ಲ. ಹೊಸ ಕಟ್ಟು ನಾನು ತರ್ತೇನೆ. ನೀನು ಎರಡು ಸಲದ ಮಿರ್ಚಿ ಬಾಕಿ ಇಟ್ಟಿದ್ದೀಯ, ಅದನ್ನು ತಾ.